ಗಾಜಿನ ಹಿಂದಿನ ಮಾತು

ಸೆಪ್ಟೆಂಬರ್ ೧೪, ಭಾನುವಾರ

ಚಿಕ್ಕಮ್ಮ,

ಕಮಾಂಡರ್ ಕೈ ಎತ್ತಿ ಗುಂಡು ಹಾರಿಸಲು ಆಜ್ಞೆ ಕೊಟ್ಟದ್ದನ್ನು ನೀನು ನೋಡಲಿಲ್ಲ. ನೋಡಿದೆ ಎಂದು ಬರೆದು, ಅದರ ಕೆಳಗೆ ನಿನ್ನ ಸಹಿ ಹಾಕಿಸಿಕೊಂಡು, ಅಚ್ಚು ಮಾಡಿಸಿ ಹಂಚಿದವಳು ನಾನು. ನಿನ್ನೊಬ್ಬಳ ಹೆಸರಿನಲ್ಲಿ ಮಾತ್ರವಲ್ಲ, ನಮ್ಮ ಕಾಲೊನಿಯ ಹನ್ನೊಂದು ಜನರ ಹೆಸರಿನಲ್ಲಿ.

ಎಂಟು ವರ್ಷದ ಹಿಂದಿನದನ್ನು ಈಗೇಕೆ ಕೆದಕುತ್ತಾಳೆ ಎಂದುಕೊಳ್ಳಬೇಡ. ಮೊನ್ನೆ ಗುರುವಾರ ಆ ಪುಸ್ತಿಕೆ ತಿರುಗಿ ನನ್ನ ಕೈಗೇ ಬಂತು, ಅದೂ ತರಗತಿಯಲ್ಲಿ.

ಇಲ್ಲಿ ನಾನು ಓದುವುದು ಏನೆಂದು ನೀನು ಎರಡು ಸಲ ಕೇಳಿದ್ದೆ. ಎರಡು ಸಲವೂ ನಾನು ಭಾಷಣ ಬಿಗಿದಿದ್ದೆ. ಸರಳವಾಗಿ ಹೇಳುತ್ತೇನೆ. ಒಬ್ಬ ಇನ್ನೊಬ್ಬನನ್ನು ಕೊಂದರೆ ಊರಿನ ಕೋರ್ಟು ಸಾಕು. ಸಮವಸ್ತ್ರದವರು ಒಂದಿಡೀ ಕಾಲೊನಿಯ ಗಂಡಸರನ್ನು ಬಸ್ ಡಿಪೊಗೆ ತುಂಬಿ, ಮೂವತ್ತೊಂದು ಜನರನ್ನು ಜೀವಸಹಿತ ಹೊರಗೆ ಬಿಡದೆ ಹೋದರೆ ಆಗ ಬೇರೆ ಕೋರ್ಟು ಬೇಕು. ಆಜ್ಞೆ ಕೊಟ್ಟವನು ಯಾರು, ಗೊತ್ತಿದ್ದೂ ತಡೆಯದವನು ಯಾರು, ಅದನ್ನು ರುಜುವಾತು ಮಾಡುವುದು ಹೇಗೆ, ಇಷ್ಟೇ ನಮ್ಮ ಎರಡು ವರ್ಷದ ಓದು. ಚಿಕ್ಕಪ್ಪ ಆ ಡಿಪೊದಲ್ಲೇ ಮೆಕ್ಯಾನಿಕ್ ಆಗಿದ್ದರು, ಆ ಮೂವತ್ತೊಂದರಲ್ಲಿ ಒಬ್ಬರು ಎನ್ನುವುದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕನಿಕರದಿಂದ ಅಂಕ ಕೊಡುತ್ತಾರೆ ಎಂಬ ಸೊಕ್ಕು ನನಗೆ.

ಸಾಕ್ಷ್ಯ ಸಂಗ್ರಹ ಕಲಿಸುವ ಮೇಡಂ ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು. ಪೆನ್ಸಿಲ್ ಕಚ್ಚುತ್ತಾ ಮಾತಾಡುತ್ತಾರೆ. ನಾಲ್ಕು ಹಾಳೆಯ ಜೆರಾಕ್ಸ್ ಹಂಚಿ, "ಹೇಳಿಕೆ ಹೇಗೆ ಬರೆದುಕೊಳ್ಳಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ, ತಪ್ಪು ಹುಡುಕಿ" ಅಂದರು. ಹೆಸರುಗಳಿಗೆಲ್ಲ ಕಪ್ಪು ಬಳಿದಿತ್ತು. ಮೊದಲ ಸಾಲು ಓದುತ್ತಲೇ ನನಗೆ ಗೊತ್ತಾಯಿತು. ಕಮಾಂಡರ್‌ನ ಪರ ವಕೀಲರು ವಿಶೇಷ ನ್ಯಾಯಾಲಯಕ್ಕೆ ಅದನ್ನು ಸಲ್ಲಿಸಿದ್ದಾರಂತೆ. ಹನ್ನೊಂದು ಹೇಳಿಕೆ, ಹನ್ನೊಂದರಲ್ಲೂ "ಕಣ್ಣಾರೆ ಕಂಡೆ", ಹನ್ನೊಂದರಲ್ಲೂ ಅದೇ ಎತ್ತಿದ ಕೈ.

ನನ್ನ ಪಕ್ಕದ ಬೆಂಚಿನವನು, "ಇದನ್ನ ಬರೆದವನಿಗೆ ಬರ್ತಿದ್ದದ್ದೇ ಒಂದು ವಾಕ್ಯ ಅನ್ಸುತ್ತೆ" ಅಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಬರೆದೋರಿಗೆ ಶ್ರದ್ಧೆ ಇತ್ತು ಕಣ್ರೀ. ನಾನು ನೋಡಿದ ಹಾಗೆ ಕೇಸು ಕೆಡಿಸೋರಲ್ಲಿ ಶ್ರದ್ಧೆ ಇದ್ದೋರೇ ಜಾಸ್ತಿ" ಅಂದರು.

ನಾನು ಏಳು ತಪ್ಪು ಹುಡುಕಿದೆ. ತರಗತಿಗೆಲ್ಲ ಹೆಚ್ಚು ಅಂಕ ನನಗೇ ಬಂತು.

ಆಮೇಲೆ ಅವರು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಎತ್ತಿದ ಕೈಯೇ ಬೇಕಾಗಿಲ್ಲವಂತೆ. ಜನ ಸಾಯುತ್ತಿರುವುದು ಅಧಿಕಾರಿಗೆ ಗೊತ್ತಿತ್ತು ಎಂದು ತೋರಿಸುವ ಒಂದು ಸಾದಾ ಮಾತು ಸಿಕ್ಕರೂ ಸಾಕು, ಕಾನೂನು ಅವನನ್ನು ಹಿಡಿಯುತ್ತದೆ. ಆ ಪುಸ್ತಿಕೆ ಬರೆಯುವಾಗ ನಾನು ಮೂರು ಕರಪತ್ರ ಓದಿ ಜಗತ್ತನ್ನೇ ಅರೆದು ಕುಡಿದವಳ ಹಾಗೆ ಇದ್ದೆ. ನೀವೆಲ್ಲ ಹೇಳಿದ್ದರಲ್ಲಿ ಎಷ್ಟೋ ಹೊಡೆದು ಹಾಕಿದೆ.

ಫೆಬ್ರವರಿಯಲ್ಲಿ ಸಾಕ್ಷಿ ಹೇಳಲು ನಿನಗೆ ಸಮನ್ಸ್ ಬಂದಿದೆ ಎಂದು ನೀನು ಬರೆದಿದ್ದೆ. ಆ ಪುಸ್ತಿಕೆ ಹಿಡಿದೇ ನಿನ್ನನ್ನು ಪ್ರಶ್ನೆ ಮಾಡುತ್ತಾರೆ. ನಾನು ಏನು ಮಾಡಲಿ ಹೇಳು.

ನಿನ್ನ
ಮೆಣಸಿ


ಸೆಪ್ಟೆಂಬರ್ ೨೯

ಮೆಣಸೀ,

ಕಾಗದ ಬಂತು. ಆಸ್ಪತ್ರೆಯ ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಇವತ್ತು ಆಪರೇಷನ್ ವಾರ್ಡಿನ ಬಟ್ಟೆ ಬರುವ ದಿನ, ಮಾತಿಗೆ ಬಿಡುವಿಲ್ಲ. ಆದರೂ ಬರೆಯುತ್ತಿದ್ದೇನೆ.

ನೀನು ಹೊಸದಾಗಿ ಏನೋ ಕಂಡುಹಿಡಿದ ಹಾಗೆ ಬರೆದಿದ್ದೀಯ. ನಾನು ನೋಡದ್ದನ್ನು ನೋಡಿದೆ ಎಂದು ಬರೆದಿದ್ದೀಯ ಎನ್ನುವುದು ನನಗೆ ಅವತ್ತೇ ಗೊತ್ತಿತ್ತಲ್ಲ. ಓದಲು ಬರುವವಳು ನಾನು, ಸಹಿ ಹಾಕಿದವಳೂ ನಾನೇ. ಹದಿನೇಳರ ಹುಡುಗಿ ಅನ್ನ ನೀರು ಬಿಟ್ಟು ಕೂತು ಬರೆದಿದ್ದಾಳೆ, ಬೇಡ ಅಂದರೆ ಮುರಿದು ಬೀಳುತ್ತಾಳೆ ಅನಿಸಿತು. ನಿನ್ನ ಅಮ್ಮ ಹೋದಾಗ ನಿನ್ನ ಮುಖ ಹಾಗೆಯೇ ಇತ್ತು.

ಹೋದ ವರ್ಷ ಕೋರ್ಟಿನ ತನಿಖೆಯವರು ಮನೆಗೆ ಬಂದರು. ಪುಸ್ತಿಕೆ ತೆಗೆದು ನನ್ನ ಪುಟ ಓದಿ, "ಇದು ಸರೀನಾ ಅಮ್ಮಾ?" ಅಂದರು. ಅಲ್ಲ ಅಂದರೆ ನಿನ್ನ ಓದಿಗೆ ಕುತ್ತು ಬಂದೀತು ಎಂದು ಹೂಂ ಅಂದುಬಿಟ್ಟೆ. ಈಗ ಅದನ್ನೂ ನಿನ್ನ ಲೆಕ್ಕಕ್ಕೆ ಬರೆದುಕೊಂಡು ಕೊರಗಬೇಡ, ಅದು ನನ್ನದು.

ನಾನು ನೋಡಿದ್ದನ್ನು ನಿನಗೆ ಅಡುಗೆಮನೆಯಲ್ಲಿ ಹೇಳಿದ್ದೆ. ಗಂಡಸರನ್ನು ಡಿಪೊಗೆ ತುಂಬಿದ ಮೂರನೇ ದಿನ ನಿನ್ನ ಚಿಕ್ಕಪ್ಪನಿಗೆ ಊಟ ತೆಗೆದುಕೊಂಡು ಡಿಪೊಗೆ ಹೋದೆ. ಪಾಸು ಕೊಡುವ ಕಿಟಕಿ ಇದೆಯಲ್ಲ, ದಪ್ಪ ಗಾಜಿನದು, ಅದರ ಹಿಂದೆ ಕಮಾಂಡರ್ ಕೂತಿದ್ದ. ಊಟ ಯಾರಿಗೆ ಅಂತ ಹೆಸರು ಕೇಳಿದ. ಹೇಳಿದೆ. ಒಂದು ಪಟ್ಟಿ ನೋಡಿದ. ಪಕ್ಕದವನ ಕಡೆ ತಿರುಗಿ, "ಇವನಿಗೆ ಇನ್ನು ಊಟ ಬೇಕಾಗಿಲ್ಲ" ಅಂದ. ಆಮೇಲೆ ಗಾಜಿನ ತೂತಿಗೆ ಬಾಯಿಟ್ಟು ನನಗೆ ಮರ್ಯಾದೆಯಿಂದ, "ಇಟ್ಟು ಹೋಗಿ, ತಲುಪಿಸ್ತೇವೆ" ಅಂದ. ಮೊದಲನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ, ತುಟಿಯಲ್ಲಿ ಕಂಡೆ. ಮೆಷಿನ್ನುಗಳ ಸದ್ದಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು ಇನ್ನು ಹೇಗೆ ಮಾತಾಡಿಕೊಳ್ಳುತ್ತಾರೆ? ನಮ್ಮಲ್ಲಿ ಯಾರು ಬೇಕಾದರೂ ತುಟಿ ಓದುತ್ತಾರೆ. ಸೂಪರ್ವೈಸರ್ ಬೈದುಕೊಳ್ಳುವುದೂ ನಮಗೆ ತಿಳಿಯುತ್ತದೆ, ಪಾಪ ಅವನಿಗದು ಗೊತ್ತಿಲ್ಲ.

ನೀನು ಪೆನ್ನು ಕೆಳಗಿಟ್ಟು, "ಇದು ಬೇಡ ಚಿಕ್ಕಮ್ಮ, ತುಟಿ ಓದಿದೆ ಅಂದ್ರೆ ಜನ ನಗ್ತಾರೆ, ಇದರಲ್ಲಿ ಕಾವಿಲ್ಲ" ಅಂದೆ. ನೆನಪಿದೆಯಾ? ಇದ್ದರೆ ಒಂದು ಸಾಲು ಬರೆ. ಆ ಮಾತನ್ನು ನಾನು ಹೇಳಿದ್ದು ನಿನ್ನೊಬ್ಬಳಿಗೇ. ನೀನು ಬೇಡ ಅಂದ ಮೇಲೆ ಮತ್ತೆ ಯಾರಿಗೂ ಹೇಳಲಿಲ್ಲ.

ಬೀಗ ರಿಪೇರಿಯವನು ಮೆಟ್ಟಿಲಲ್ಲಿ ಸಿಕ್ಕಿದ್ದ. ಅವನಿಗೂ ಸಮನ್ಸ್. "ನಿಮ್ಮ ಹುಡುಗಿ ನನ್ನಿಂದ ಕಣ್ಣಾರೆ ನೋಡಿಸಿದ್ದಾಳೆ. ನನಗೆ ಆಗ ಎರಡು ಕಣ್ಣಿಗೂ ಪೊರೆ. ಕೀಲಿಕೈ ತೂತನ್ನೇ ತಡವಿ ಹುಡುಕ್ತಿದ್ದೆ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ.

ಸರಿಯಾಗಿ ಊಟ ಮಾಡು.

ಚಿಕ್ಕಮ್ಮ


ಅಕ್ಟೋಬರ್ ೮

ಚಿಕ್ಕಮ್ಮ,

ಆ ದಿನದ ಬಗ್ಗೆ ಇನ್ನೊಂದು ಅಕ್ಷರವನ್ನೂ ನನಗೆ ಬರೆಯಬೇಡ. ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಕೋಪಿಸಿಕೊಳ್ಳುವ ಮೊದಲು ಪೂರ್ತಿ ಓದು.

ನಿನ್ನ ಕಾಗದ ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ. "ಆ ಪುಸ್ತಿಕೆ ಬರೆದದ್ದು ನಾನು" ಅಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಯಾವಾಗಿಂದ ಗೊತ್ತು?"

"ಬರೆದಾಗಿಂದ."

"ಅದಲ್ಲ ನಾನು ಕೇಳಿದ್ದು. ತಪ್ಪು ಅಂತ ಯಾವಾಗಿಂದ ಗೊತ್ತು?"

ಕೈಯಲ್ಲಿದ್ದದ್ದನ್ನು ಅವರ ಮೇಜಿನ ಮೇಲಿಟ್ಟೆ. ಅವರು ನಿನ್ನ ಕಾಗದ ಓದಿದರು. ಆಮೇಲೆ ನಾನು ನಿನಗೆ ಬರೆದದ್ದನ್ನು ನೆನಪಿನಿಂದ ಸಾಲು ಸಾಲಾಗಿ ಹೇಳಿಸಿದರು. ಆ ಸಾದಾ ಮಾತಿನ ಸಂಗತಿ ಬಂದಾಗ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅಂದ್ರೆ ಪ್ರಾಸಿಕ್ಯೂಷನ್‌ಗೆ ಏನು ಬೇಕು ಅಂತ ನೀನೇ ಅವರಿಗೆ ಬರೆದೆ. ಹದಿನೈದು ದಿನಕ್ಕೆ ಅವರಿಂದ ಅದೇ ಬಂತು. ಎದುರು ವಕೀಲರ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ?"

ಏನು ಮಾಡುತ್ತಿದ್ದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಚಿಕ್ಕಮ್ಮ. ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು, "ನೋಡಿ, ಪಾಠ ಹೇಳಿಕೊಟ್ಟರು, ಪಾಠ ಒಪ್ಪಿಸಿದರು" ಎನ್ನುತ್ತಿದ್ದೆ. ಏಳು ತಪ್ಪು ಹುಡುಕಿ ಮೂರು ದಿನವೂ ಆಗಿರಲಿಲ್ಲ, ಎಂಟನೆಯದನ್ನು ನಾನೇ ಮಾಡಿದೆ.

ಮುಚ್ಚಿಡುವುದಕ್ಕೆ ಆಗುವುದಿಲ್ಲ. ನಮ್ಮ ಎಲ್ಲ ಕಾಗದಗಳನ್ನೂ ಪ್ರಾಸಿಕ್ಯೂಷನ್‌ಗೆ ಕೊಡಬೇಕು, ಅವರು ಕಮಾಂಡರ್‌ನ ವಕೀಲರಿಗೆ ಕೊಡಬೇಕು. ನಿಯಮ ಅದು, ಸರಿಯಾದ ನಿಯಮವೇ. ನನ್ನನ್ನೂ ಸಾಕ್ಷಿಯಾಗಿ ಕರೆಯುತ್ತಾರೆ. ಇಬ್ಬರು ಸಾಕ್ಷಿಗಳು ಆ ವಿಷಯ ಮಾತಾಡಿಕೊಳ್ಳುವ ಹಾಗಿಲ್ಲ. ಇನ್ನು ಮುಂದೆ ನೀನು ಬರೆಯುವುದನ್ನೂ ಅವರು ಓದುತ್ತಾರೆ ಎಂದುಕೊಂಡೇ ಬರೆ. ನಿನ್ನ ಮೊಣಕಾಲು ಹೇಗಿದೆ ಅಂತ ಬರೆ.

ಮೆಣಸಿ


ಅಕ್ಟೋಬರ್ ೨೦

ಮೆಣಸಿಗೆ,

ಬರೆಯಬೇಡ ಅಂದದ್ದನ್ನು ಬರೆಯುವುದಿಲ್ಲ. ಉಳಿದದ್ದು ಬರೆಯುತ್ತೇನೆ.

ಮೊದಲು ಇದನ್ನು ಓದುತ್ತಿರುವ ವಕೀಲರಿಗೆ ನಮಸ್ಕಾರ. ನನ್ನ ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ನೋಯುತ್ತದೆ, ಹತ್ತುವಾಗ ಇಲ್ಲ. ಡಾಕ್ಟರ್ ನಿಂತು ಕೆಲಸ ಮಾಡಬೇಡಿ ಅನ್ನುತ್ತಾರೆ. ಇಸ್ತ್ರಿ ಮೆಷಿನ್ನಿನ ಮುಂದೆ ಮಲಗಿಕೊಂಡು ಕೆಲಸ ಮಾಡುವುದು ನಿಮಗೆ ಗೊತ್ತಿದ್ದರೆ ತಿಳಿಸಿ. ನಿಮ್ಮ ಕೋಟು ಕರಿಯದಂತೆ. ಕರಿ ಬಟ್ಟೆಗೆ ಬಿಸಿ ನೀರು ಹಾಕಿಸಬೇಡಿ, ಹೊಳಪು ಹೋಗುತ್ತದೆ. ಕೋರ್ಟಿನಲ್ಲಿ ನೀವು ಗಾಜಿನ ಆಚೆ ನಿಂತು ಏನು ಬೇಕಾದರೂ ಪಿಸುಗುಟ್ಟಿ, ಏನಂದಿರಿ ಅಂತ ನಾನು ಹೇಳುತ್ತೇನೆ. ಇದು ಆ ದಿನದ ವಿಷಯ ಅಲ್ಲ, ಆದ್ದರಿಂದ ಬರೆಯಬಹುದು ಅಂದುಕೊಂಡಿದ್ದೇನೆ.

ಈಗ ನಿನಗೆ. ನೀನು ವಾಂತಿ ಮಾಡಿಕೊಂಡಾಗ ತಲೆ ಹಿಡಿದವಳು ನಾನು. ನಿನಗೆ ಅಕ್ಷರ ತಿದ್ದಿಸಿದವಳೂ ನಾನು. ನಾನು ಒಂದು ಮಾತು ಕೇಳಿದರೆ ಹೂಂ ಅಥವಾ ಊಹೂಂ ಅನ್ನುವುದಕ್ಕೆ ನಿನಗೆ ಇಷ್ಟು ದೊಡ್ಡ ಕಾನೂನು ಅಡ್ಡ ಬರುತ್ತದೆ. ಇದನ್ನು ಓದುವುದಕ್ಕೆ ಅಷ್ಟು ದೂರ ಹೋದೆಯಾ?

ಕೋಪ ಇಲ್ಲ. ದಣಿವು ಅಷ್ಟೆ.

ಚಿಕ್ಕಮ್ಮ


ನವೆಂಬರ್ ೨೪

ಚಿಕ್ಕಮ್ಮ,

ಒಂದು ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ಹರಿದ ಮೇಲೆ ಹರಿದದ್ದನ್ನೂ ಅವರಿಗೆ ಕೊಡಬೇಕೇನೋ ಎಂದು ಚೂರುಗಳನ್ನು ಕವರಿನಲ್ಲಿ ಹಾಕಿಟ್ಟೆ. ಹೀಗಾಗಿದೆ ನನ್ನ ತಲೆ.

ಎರಡು ದಿನ ನನ್ನ ಹೇಳಿಕೆ ತೆಗೆದುಕೊಂಡರು. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ. ಅಳುವವರಿಗೆ ಅಂತ ಇಟ್ಟಿದ್ದಾರೆ, ನನಗೆ ಮೂಗು ಒರೆಸಲು ಒದಗಿತು, ನೆಗಡಿಯಾಗಿತ್ತು. ತನಿಖೆಯವರು ಹೆಂಗಸು, ತಾಳ್ಮೆಯವರು. "ಆಮೇಲೆ?" "ಆಗ ನೀವೇನು ನೋಡಿದಿರಿ?" ಇಷ್ಟೇ ಕೇಳುತ್ತಿದ್ದರು. ನಾನು ಉತ್ಸಾಹದಿಂದ ಮುಂದಕ್ಕೆ ಓಡಿದಾಗಲೆಲ್ಲ, "ಅದು ನಿಮ್ಮ ಅಭಿಪ್ರಾಯ, ನೀವು ನೋಡಿದ್ದು ಹೇಳಿ" ಅನ್ನುತ್ತಿದ್ದರು. ಹೇಳಿಕೆ ಬರೆದುಕೊಳ್ಳುವುದು ಹೇಗೆಂದು ನಾನು ಕಲಿತದ್ದು ಅವತ್ತು, ಮೇಜಿನ ಈ ಕಡೆ ಕೂತು.

ಕರಡು ಬರೆದ ನೋಟ್‌ಬುಕ್ ಇದೆಯಾ ಅಂತ ಕೇಳಿದರು. ಪುಸ್ತಿಕೆ ಅಚ್ಚಾದ ವಾರವೇ ರದ್ದಿಗೆ ಹಾಕಿದ್ದೆ. ಆಗ ನನಗೆ ಅಚ್ಚಾದದ್ದೇ ಸತ್ಯ, ಕರಡು ಕಸ.

ಬರುವ ಬೇಸಿಗೆಗೆ ಪ್ರಾಸಿಕ್ಯೂಷನ್ ಕಚೇರಿಯಲ್ಲಿ ತರಬೇತಿಗೆ ಸೀಟು ಸಿಕ್ಕಿತ್ತು, ನಿನಗೆ ಹೇಳಿ ಸಂಭ್ರಮ ಪಟ್ಟಿದ್ದೆ. ಅದನ್ನು ವಾಪಸ್ ತೆಗೆದುಕೊಂಡಿದ್ದಾರೆ. ನ್ಯಾಯವಾಗಿಯೇ ಇದೆ. ವಿಶ್ವವಿದ್ಯಾಲಯದ ಸಮಿತಿ ನನ್ನನ್ನು ಕರೆದು ಮಾತಾಡಿತು, ಓದು ಮುಗಿಸಲು ಬಿಡುತ್ತಾರಂತೆ. ಪಕ್ಕದ ಬೆಂಚಿನವನಿಗೆ ವಿಷಯ ತಿಳಿದ ಮೇಲೆ ನನ್ನ ಎದುರು ಜೋಕು ಮಾಡುವುದನ್ನು ನಿಲ್ಲಿಸಿದ್ದಾನೆ. ಅವನ ಜೋಕು ಇದಕ್ಕಿಂತ ವಾಸಿಯಿತ್ತು.

ಮೊದಲೆಲ್ಲ ಗ್ರಂಥಾಲಯದಲ್ಲಿ ತೀರ್ಪು ಓದುವಾಗ ಮೈ ಬಿಸಿಯಾಗುತ್ತಿತ್ತು. ಈಗ ಅಡಿಟಿಪ್ಪಣಿಗಳನ್ನು ಓದುತ್ತೇನೆ. ಇಂಥ ಸಾಕ್ಷಿಯ ಮಾತನ್ನು ನಂಬಲಾಗಲಿಲ್ಲ, ಇಂಥವರ ಹೇಳಿಕೆಯನ್ನು ಕೈಬಿಡಲಾಗಿದೆ. ಒಂದು ಸಂಖ್ಯೆ, ಒಂದು ಸಾಲು. ಆ ಸಂಖ್ಯೆಯ ಹಿಂದೆ ಮನೆಗೆ ವಾಪಸಾದವಳು ಒಬ್ಬಳು ಇರುತ್ತಾಳೆ. ಅವಳಿಗೆ ಹೇಳಿಕೆ ಬರೆದುಕೊಟ್ಟವಳೂ ಒಬ್ಬಳು ಇರುತ್ತಾಳೆ.

ನಿನ್ನ ಪ್ರಶ್ನೆ ಮರೆತಿಲ್ಲ.

ಮೆಣಸಿ


ಜನವರಿ ೬

ಮೆಣಸೀ,

ತನಿಖೆಯವರು ಮತ್ತೆ ಬಂದಿದ್ದರು, ಈ ಸಲ ನಿನ್ನ ತಾಳ್ಮೆಯ ಹೆಂಗಸೇ ಇರಬೇಕು. ನಾನು ಹೋದ ವರ್ಷ ಹೂಂ ಅಂದದ್ದು ತಪ್ಪು ಅಂತ ಹೇಳಿದೆ. ಉಳಿದದ್ದನ್ನೂ ಹೇಳಿದೆ. ಏನು ಅಂತ ಬರೆಯುವುದಿಲ್ಲ, ನೀನು ಹೆದರಬೇಡ.

ಹನ್ನೊಂದರಲ್ಲಿ ಏಳು ಜನರನ್ನು ಕೈಬಿಟ್ಟಿದ್ದಾರೆ. ಬೀಗದವನ ಹೆಸರೂ ಹೋಯಿತು. ಅವನು ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅಂಗಡಿಯ ಷಟರ್ ಅರ್ಧ ಎಳೆದು ಒಳಗೆ ಕೂತಿದ್ದ. "ಅಣ್ಣನ ದನಿ ಕೇಳಿದ್ದೆ ನಾನು. ಡಿಪೊ ಗೋಡೆಯ ಆಚೆಯಿಂದ ನನ್ನ ಹೆಸರು ಕೂಗಿದ. ಅದು ಸಾಕಾಗಿತ್ತು, ಅದನ್ನ ಬರ್ಕೊಳಮ್ಮ ಅಂದಿದ್ದೆ ನಿಮ್ಮ ಹುಡುಗಿಗೆ" ಅಂದ. ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಇನ್ನೊಂದು ವಿಷಯ. ವಕೀಲರೇ, ಇದನ್ನೂ ಓದಿಕೊಳ್ಳಿ. ಎಂಟು ವರ್ಷ ನಾನು ಒಂದು ಮಾತನ್ನು ಬಾಯಿಂದ ಆಚೆಗೆ ತರದೆ ಇಟ್ಟುಕೊಂಡಿದ್ದೆ. ಈಗ ಹೇಳಿಯಾದ ಮೇಲೆ ನನಗೇ ಅನುಮಾನ ಶುರುವಾಗಿದೆ. ಮೆಷಿನ್ನಿನ ಮುಂದೆ ನಿಂತು ಆ ಮಾತನ್ನು ನಾನೇ ಸದ್ದಿಲ್ಲದೆ ಆಡಿ ನೋಡುತ್ತೇನೆ. ಎದುರಿನವಳು, "ಏನಕ್ಕಾ, ಯಾರಿಗೆ ಊಟ ಬೇಡ್ವಂತೆ?" ಅಂತ ಕೇಳುತ್ತಾಳೆ. ಅಂದರೆ ತುಟಿ ಸರಿಯಾಗಿಯೇ ಇದೆ. ಆದರೆ ಅವನ ತುಟಿಯೂ ಹೀಗೇ ಇತ್ತಾ, ನಾನು ಆಮೇಲೆ ಕಟ್ಟಿಕೊಂಡೆನಾ? ನೀನು ಎತ್ತಿದ ಕೈಯನ್ನು ಕಟ್ಟಿದೆ, ನಾನು ಮಾತು ಕಟ್ಟಿರಬಹುದಲ್ಲ.

ಇದಕ್ಕೇ ನಿನ್ನನ್ನು ಕೇಳಿದ್ದು, ಆಗಲೇ ನಿನಗೆ ಹೇಳಿದ್ದೆನಾ ಅಂತ. ಗೆಲ್ಲುವುದಕ್ಕಲ್ಲ. ಅವನು ಹಾಗೆ ಅಂದದ್ದು ನಿಜವಾದರೆ, ನಾನು ಊಟ ಹಿಡಿದು ನಿಂತಾಗ ನಿನ್ನ ಚಿಕ್ಕಪ್ಪ ಇರಲಿಲ್ಲ ಎನ್ನುವುದಾದರೂ ನನಗೆ ಗೊತ್ತು. ನಿಜ ಅಲ್ಲದಿದ್ದರೆ ಅದೂ ಗೊತ್ತಿಲ್ಲ, ಯಾವ ದಿನ ಹೋದರು ಅಂತಲೂ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಅಷ್ಟಾದರೂ ಗೊತ್ತಿರಬೇಕು ಕಣೇ.

ಸೋಮವಾರ, ಫೆಬ್ರವರಿ ೧೬ಕ್ಕೆ ನನ್ನನ್ನು ಸಾಕ್ಷಿಕಟ್ಟೆ ಹತ್ತಿಸುತ್ತಾರಂತೆ. ಎರಡು ದಿನ ಆಗಬಹುದು ಅಂದರು. ನಿನ್ನ ಊರಿನಲ್ಲಿ ಉಳಿಯುವುದು, ಆದರೆ ನಿನ್ನನ್ನು ನೋಡುವ ಹಾಗಿಲ್ಲ. ಇಂಥ ಪ್ರಯಾಣ ನಾನು ಎಂದೂ ಮಾಡಿಲ್ಲ.

ಚಿಕ್ಕಮ್ಮ


ಫೆಬ್ರವರಿ ೯, ಸೋಮವಾರ

ಚಿಕ್ಕಮ್ಮ,

ನಿನ್ನ ಕಾಗದವನ್ನು ಓದಿ, ಪ್ರತಿ ತೆಗೆದು, ಕೊಡಬೇಕಾದವರಿಗೆ ಕೊಟ್ಟು ಬಂದೆ. ದಾರಿಯಲ್ಲಿ ಅಂಚೆಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಂದು ಸಾಲು ಬರೆದು ಹಾಕಿಬಿಡಬಹುದಿತ್ತು. ಹೂಂ ಎಂದಾಗಲಿ ಊಹೂಂ ಎಂದಾಗಲಿ. ನೀನು ಸಾಕ್ಷಿಕಟ್ಟೆ ಹತ್ತುವಾಗ ಕೈಕಾಲಿಗೆ ಸ್ವಲ್ಪ ಬಲ ಬರುತ್ತಿತ್ತು.

ಬರೆಯುವುದಿಲ್ಲ. ಹೂಂ ಎಂದು ಬರೆದರೆ ನೀನು ಹತ್ತಿ ನಿಂತು ಹೇಳುವ ಮಾತಿಗೆ ನನ್ನ ಕೈ ತಾಗುತ್ತದೆ. ಊಹೂಂ ಎಂದು ಬರೆದರೂ ತಾಗುತ್ತದೆ. ಒಂದು ಸಲ ನಿನ್ನ ಬಾಯಿಂದ ಮಾತು ಕಿತ್ತುಕೊಂಡು ನನ್ನದನ್ನು ಇಟ್ಟೆ. ನೆನಪು ಇದೆಯೋ ಇಲ್ಲವೋ, ಅನುಮಾನ ಇದ್ದರೆ ಅನುಮಾನ ಇದೆ ಅಂತಲೇ, ಸೋಮವಾರ ನೀನು ಹೇಳುವುದು ನಿನ್ನದಾಗಿರಲಿ. ಅವರು ನಗಲಿ, ಗಾಜು ತಂದು ಪರೀಕ್ಷೆ ಮಾಡಲಿ, ಪುಸ್ತಿಕೆ ಎತ್ತಿ ಮುಖದ ಮುಂದೆ ಹಿಡಿಯಲಿ. ಸುಳ್ಳು ಬರೆದವಳು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳು. ಹಿಂಜರಿಯಬೇಡ. ನನ್ನನ್ನು ಕಾಪಾಡಿದ್ದು ಸಾಕು.

ನನ್ನ ಸರದಿ ಗುರುವಾರ ಬೆಳಗ್ಗೆ. ಅಡುಗೆಮನೆಯಲ್ಲಿ ಏನು ಕೇಳಿದೆ, ಏನು ಬೇಡ ಅಂದೆ ಎನ್ನುವುದನ್ನು ಅಲ್ಲಿ ಪ್ರಮಾಣ ಮಾಡಿ ಹೇಳುತ್ತೇನೆ, ಕಮಾಂಡರ್ ಕೇಳುವ ಹಾಗೆ. ನಿನ್ನ ಸಾಕ್ಷಿ ಅಷ್ಟರಲ್ಲಿ ಮುಗಿದಿರುತ್ತದೆ, ಸಾರ್ವಜನಿಕರ ಸಾಲಿನಲ್ಲಿ ಕೂರಲು ನಿನಗೆ ಅನುಮತಿ ಕೇಳಿದ್ದೇನೆ, ಕೊಟ್ಟಿದ್ದಾರೆ. ನಾನು ನಿಲ್ಲುವುದು ಗಾಜಿನ ಆಚೆ. ಕೇಳುವ ಯಂತ್ರ ಕಿವಿಗೆ ಕೊಡುತ್ತಾರೆ, ನಿನಗೆ ಅದು ಬೇಕಾಗಲಿಕ್ಕಿಲ್ಲ.

ಪಾಟೀಸವಾಲು ಮಧ್ಯಾಹ್ನಕ್ಕೆ ಮುಗಿಯುತ್ತದಂತೆ. ಆಮೇಲೆ ನಾವು ಮಾತಾಡಬಹುದು, ಯಾವ ನಿಯಮವೂ ಅಡ್ಡ ಬರುವುದಿಲ್ಲ. ನನಗೆ ಅವತ್ತು ಮಾತಾಡುವ ಶಕ್ತಿ ಉಳಿದಿರುತ್ತದೋ ಇಲ್ಲವೋ. ಆದರೂ ಕಾಯುತ್ತೇನೆ.

ಗುರುವಾರ, ಫೆಬ್ರವರಿ ೧೯, ಸಂಜೆ ನಾಲ್ಕು ಗಂಟೆಗೆ, ಸಾಕ್ಷಿಗಳು ಹೊರಬರುವ ಪಕ್ಕದ ಬಾಗಿಲಿನ ಹತ್ತಿರ.

ನಿನ್ನ
ಮೆಣಸಿ